ಹೆಸರಿನೊಳಗಿನ ಮೊರೆ



ಮಗುವಿಗೆ ಹೆಸರಿಡುವಾಗ ಕೇಳೋದಕ್ಕೆ ಚೆನ್ನಾಗಿದೆಯೇ, ಕರೆಯೋದಕ್ಕೆ ಸುಲಭವೇ ಅಂತ ನಾವು ನೋಡುತ್ತೇವೆ. ಹಳೆಯ ಒಡಂಬಡಿಕೆಯ ಜನರಿಗೆ ಹೆಸರೆಂದರೆ ಇಷ್ಟೇ ಅಲ್ಲ. ಹೀಬ್ರೂ ಭಾಷೆಯ ಎಷ್ಟೋ ಹೆಸರುಗಳು ಒಂದೊಂದು ಪುಟ್ಟ ವಾಕ್ಯ. ಕೆಲವು ಪ್ರಾರ್ಥನೆ, ಕೆಲವು ಕೃತಜ್ಞತೆ, ಇನ್ನು ಕೆಲವು ಬರೀ ಕಣ್ಣೀರು.

ಎರಡು ಬೀಗದಕೈಗಳು

'ಏಲ್' ಎಂದರೆ ದೇವರು. ದಾನಿಯೇಲ ಅಂದರೆ 'ದೇವರೇ ನನ್ನ ನ್ಯಾಯಾಧಿಪತಿ'. ರಫಾಯೇಲ ಅಂದರೆ 'ದೇವರು ಗುಣಪಡಿಸುತ್ತಾರೆ'. 'ಯಾ' ಅಥವಾ 'ಯೊ' ಎಂಬುದು ಸರ್ವೇಶ್ವರನ ಪವಿತ್ರ ನಾಮದ ಚಿಕ್ಕ ರೂಪ. ಯೆಶಾಯ ಅಂದರೆ 'ಸರ್ವೇಶ್ವರನೇ ರಕ್ಷಣೆ'; ಯೊವಾನ್ನ ಅಂದರೆ 'ಸರ್ವೇಶ್ವರ ಕೃಪೆ ತೋರಿದ್ದಾರೆ'. ಈ ಎರಡು ಪದ ತಿಳಿದರೆ ಬೈಬಲಿನ ಅನೇಕ ಹೆಸರುಗಳ ಅರ್ಥ ಬಿಡಿಸಬಹುದು.

'ಶಮಾ' – ಕೇಳಿದರು

ಆದಿಕಾಂಡದ 16ನೇ ಅಧ್ಯಾಯದಲ್ಲಿ ಹಾಗರಳೆಂಬ ಈಜಿಪ್ಟಿನ ದಾಸಿ ಇದ್ದಾಳೆ. ಬಸುರಿ ಹೆಂಗಸು, ಯಜಮಾನಿಯ ಕಾಟ ತಾಳಲಾರದೆ ಮರುಭೂಮಿಗೆ ಓಡಿಹೋಗುತ್ತಾಳೆ. ಅಲ್ಲಿ ಅಬ್ರಾಮನಾಗಲಿ ಸಾರಯಳಾಗಲಿ ಆಡುವ ಮಾತಿನಲ್ಲಿ ಅವಳ ಹೆಸರು ಒಮ್ಮೆಯೂ ಬರುವುದಿಲ್ಲ. ಅವರ ಬಾಯಲ್ಲಿ ಅವಳು ಬರೀ 'ದಾಸಿ'. ನೀರಿನ ಬುಗ್ಗೆಯ ಬಳಿ ದೇವದೂತ ಮಾತ್ರ ಅವಳನ್ನು ಹೆಸರು ಹಿಡಿದು ಕರೆಯುತ್ತಾನೆ. ಹುಟ್ಟಲಿರುವ ಮಗುವಿಗೆ ಇಷ್ಮಾಯೇಲ, ಅಂದರೆ 'ದೇವರು ಕೇಳುತ್ತಾರೆ' ಎಂದು ಹೆಸರಿಡಲು ಹೇಳುತ್ತಾನೆ. ಹಾಗರಳು ತಾನೂ ದೇವರಿಗೆ ಒಂದು ಹೆಸರು ಕೊಡುತ್ತಾಳೆ: 'ಏಲ್ ರೋಯಿ', ನನ್ನನ್ನು ಕಾಣುವ ದೇವರು. ಯಾರ ಲೆಕ್ಕಕ್ಕೂ ಇಲ್ಲದ ದಾಸಿಯೊಬ್ಬಳು ದೇವರಿಗೆ ಹೆಸರಿಟ್ಟಳು!

ಲೇಯಳ ಕಥೆಯೂ ಇಂಥದ್ದೇ. ಗಂಡ ಯಕೋಬನ ಪ್ರೀತಿಯೆಲ್ಲಾ ರಾಖೇಲಳ ಮೇಲೆ. ಲೇಯಳು ತನ್ನ ಎರಡನೇ ಮಗನಿಗೆ ಸಿಮೆಯೋನ ಎಂದು ಹೆಸರಿಟ್ಟಳು. ಅದಕ್ಕೂ 'ಶಮಾ' ಮೂಲ. ನನ್ನ ತಾತ್ಸಾರವನ್ನು ದೇವರು ಕೇಳಿಸಿಕೊಂಡರು ಎಂಬುದು ಅವಳ ಭಾವ. ಸಂತ ಪೇತ್ರರ ಮೊದಲ ಹೆಸರು ಸಿಮೋನ ಇದರದೇ ಇನ್ನೊಂದು ರೂಪ.

'ಲೋ' ಬಿದ್ದುಹೋಯಿತು

ಪ್ರವಾದಿ ಹೋಶೇಯನ ಮಗಳ ಹೆಸರು 'ಲೋ ರುಹಾಮಾ', ಅಂದರೆ 'ಕರುಣೆ ದೊರಕದವಳು'. ದೇವರಿಂದ ದೂರವಾದ ಇಸ್ರಯೇಲಿಗೆ ಅದು ಗುರುತಾಗಿತ್ತು. ಎರಡನೇ ಅಧ್ಯಾಯದಲ್ಲಿ ಇಲ್ಲ ಎಂಬರ್ಥದ 'ಲೋ' ಬಿದ್ದುಹೋಗಿ 'ರುಹಾಮಾ', ಕರುಣೆ ಪಡೆದವಳು, ಉಳಿಯುತ್ತದೆ. ತಾಯಿಯ ಗರ್ಭಕ್ಕೆ ಹೀಬ್ರೂವಿನಲ್ಲಿ ಹೇಳುವ 'ರೆಹೆಮ್' ಪದ ಇದಕ್ಕೆ ನಂಟು. ದೇವರ ಕರುಣೆ ಹೆತ್ತ ಕರುಳಿನದು.

ನಮ್ಮ ಕಡೆ ಕೆಲವು ಊರುಗಳಲ್ಲಿ, ಇನ್ನು ಹೆಣ್ಣು ಸಾಕು ಅಂತ ಮಗುವಿಗೆ 'ಸಾಕವ್ವ' ಎಂದು ಹೆಸರಿಟ್ಟದ್ದುಂಟು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ನಕುಸಾ', ಅಂದರೆ 'ಬೇಡವಾದವಳು' ಎಂಬ ಹೆಸರು ಹೊತ್ತಿದ್ದ 200ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ 2011ರಲ್ಲಿ ಹೊಸ ಹೆಸರು ಸಿಕ್ಕಿತು. ಅವರ ಹೆಸರಿನಿಂದಲೂ ಒಂದು 'ಲೋ' ಬಿದ್ದುಹೋಯಿತು.

ಹಾಗಾದರೆ ನಾವು ಮಾಡಬೇಕಾದ್ದೇನು? ಮನೆಗೆಲಸಕ್ಕೆ ಬರುವವರನ್ನು 'ಕೆಲಸದವಳು' ಅನ್ನದೆ ಹೆಸರು ಹಿಡಿದು ಕರೆಯೋಣ. 'ಕುಂಟ', 'ಬಂಜೆ' ಎಂಬ ಅಡ್ಡಹೆಸರುಗಳು ನಮ್ಮ ಬಾಯಲ್ಲಿ ಬಾರದಿರಲಿ. ಸ್ವಸಹಾಯ ಸಂಘದ ಪುಸ್ತಕದಲ್ಲಿ 'ಇಂಥವರ ಹೆಂಡತಿ' ಎಂದಷ್ಟೇ ಬರೆಯದೆ ಆ ತಾಯಿಯ ಹೆಸರನ್ನೇ ಕೇಳಿ ಬರೆಯೋಣ. ಹೆಸರು ಕೇಳಿದವರು ಕಷ್ಟವನ್ನೂ ಕೇಳುತ್ತಾರೆ.

ಚಿಂತನೆಗೆ

1. ಆದಿಕಾಂಡ 16ನ್ನು ಒಟ್ಟಾಗಿ ಓದಿರಿ. ನಮ್ಮ ಊರಿನ ಹಾಗರಳು ಯಾರು?
2. ದಿನಾ ಕಾಣುವವರಲ್ಲಿ ಯಾರ ಹೆಸರು ನಮಗಿನ್ನೂ ಗೊತ್ತಿಲ್ಲ?
3. ನಿಮ್ಮ ಹೆಸರಿನ ಅರ್ಥವೇನು? ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ.