ಬ್ಯಾಟರಿ ಟ್ರೇಗೆ ಮನೆಯಲ್ಲೇ ಪೌಡರ್ ಕೋಟಿಂಗ್

ಹಳೆಯ ಕಾರಿನ ಬಾನೆಟ್ ಎತ್ತಿದರೆ ತುಕ್ಕು ಹಿಡಿದ ಬ್ಯಾಟರಿ ಟ್ರೇ ಕಾಣುವುದು ಸಾಮಾನ್ಯ. ಆಸಿಡ್ ತಾಗಿದ ಕಡೆ ಬಣ್ಣ ಪದರ ಪದರವಾಗಿ ಎದ್ದಿರುತ್ತದೆ. ಬಣ್ಣದ ಪುಡಿಯನ್ನು ಲೋಹಕ್ಕೆ ಅಂಟಿಸಿ ಓವನ್ನಿನಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಕಲಿಯಲು ಈ ಟ್ರೇಗಿಂತ ಒಳ್ಳೆಯ ಬಿಡಿಭಾಗವಿಲ್ಲ: ಚಿಕ್ಕದು, ಚಪ್ಪಟೆ, ಓವನ್ನಿನೊಳಗೆ ಹಿಡಿಸುತ್ತದೆ. ಅಲಾಯ್ ವೀಲ್, ಸ್ಟೀರಿಂಗ್, ಸಸ್ಪೆನ್ಷನ್ ಭಾಗಗಳ ತಂಟೆಗೆ ಮಾತ್ರ ಹೋಗಬೇಡಿ. ಓವನ್ನಿನ ಬಿಸಿಗೆ ಕೆಲವು ಲೋಹಗಳ ಬಲವೇ ಕುಗ್ಗಬಹುದು. ಪೆಟ್ರೋಲ್ ಟ್ಯಾಂಕನ್ನಂತೂ ಎಂದಿಗೂ ಬೇಯಿಸಕೂಡದು.

ಬೇಕಾಗುವುದು ಕೈಯಲ್ಲಿ ಹಿಡಿಯುವ ಪೌಡರ್ ಗನ್, ಸಣ್ಣ ಕಂಪ್ರೆಸರ್, ಗಾಳಿಯ ತೇವ ತೆಗೆಯುವ ಫಿಲ್ಟರ್, ಸೆಕೆಂಡ್ ಹ್ಯಾಂಡ್ ಓಟಿಜಿ ಓವನ್, ಇನ್‌ಫ್ರಾರೆಡ್ ಥರ್ಮಾಮೀಟರ್. ಒಮ್ಮೆ ಪೌಡರ್ ಬೇಯಿಸಿದ ಓಟಿಜಿಯಲ್ಲಿ ಮತ್ತೆಂದೂ ಅಡುಗೆ ಮಾಡಬಾರದು.

ಕೆಲಸದ ಮುಕ್ಕಾಲು ಪಾಲು ಸ್ವಚ್ಛತೆಯಲ್ಲಿದೆ. ಟ್ರೇಯನ್ನು ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆಯಿರಿ, ಉಳಿದ ಆಸಿಡ್ ಸಾಯುತ್ತದೆ. ಹಳೆಯ ಬಣ್ಣವನ್ನು ಪೇಂಟ್ ರಿಮೂವರ್‌ನಿಂದಲೂ ತುಕ್ಕನ್ನು ವೈರ್ ಬ್ರಷ್, ಎಮರಿ ಪೇಪರ್‌ನಿಂದಲೂ ತೆಗೆದು, ಬರಿಯ ಲೋಹ ಕಾಣುವವರೆಗೆ ಉಜ್ಜಿ. ಗಾಳಿಯ ರಭಸದಿಂದ ಕಣ ಚಿಮ್ಮಿಸಿ ತುಕ್ಕು ತೆಗೆಯುವ ಬ್ಲಾಸ್ಟಿಂಗ್ ಮಾಡುವುದಾದರೆ ಹೊಳೆ ಮರಳು ಬೇಡ, ಅದರ ಸಿಲಿಕಾ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಕೊನೆಗೆ ಗ್ಲೌಸ್ ಹಾಕಿಕೊಂಡು ಅಸಿಟೋನ್‌ನಿಂದ ಒರೆಸಿ. ಆಮೇಲೆ ಬರಿಗೈ ತಾಗಿಸಬೇಡಿ: ಬೆರಳಿನ ಜಿಡ್ಡು ಇದ್ದಲ್ಲಿ ಕೋಟಿಂಗ್ ಹಿಡಿಯುವುದಿಲ್ಲ. ಅಸಿಟೋನ್ ಪೂರ್ತಿ ಆರಿದ ಮೇಲೆ, ಪೌಡರ್ ಹಾಕುವ ಮೊದಲೇ ಟ್ರೇಯನ್ನು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊತ್ತು ಕಾಯಿಸಿ. ಒಳಗೆ ಎಣ್ಣೆ ಅಡಗಿದ್ದರೆ ಹೊರಬರುತ್ತದೆ. ಬಂದರೆ, ಟ್ರೇ ತಣ್ಣಗಾದ ಮೇಲೆ ಮತ್ತೆ ಒರೆಸಿ. ಮುಂದೆ ಎಂಜಿನ್ನಿನ ಎರಕದ ಅಲ್ಯೂಮಿನಿಯಂ ಟ್ಯಾಪೆಟ್ ಕವರ್‌ಗೆ ಕೋಟಿಂಗ್ ಮಾಡುವಾಗ ಈ ಹೆಜ್ಜೆ ತಪ್ಪಿಸಿದರೆ ಮೇಲ್ಮೈ ತುಂಬ ಗುಳ್ಳೆ ಏಳುತ್ತದೆ.

ಟ್ರೇ ತಣ್ಣಗಾದ ಮೇಲೆ ಬೋಲ್ಟ್ ಕೂರುವ ತೂತುಗಳಿಗೆ ಬಿಸಿ ತಡೆಯುವ ಸಿಲಿಕೋನ್ ಪ್ಲಗ್ ಹಾಕಿ. ಅರ್ಥಿಂಗ್ ವೈರ್ ಕೂರುವ ಜಾಗಕ್ಕೂ ಬಿಸಿ ತಡೆಯುವ ಟೇಪ್ ಅಂಟಿಸಿ, ಏಕೆಂದರೆ ಈ ಕೋಟಿಂಗ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಆಮೇಲೆ ಟ್ರೇಯನ್ನು ಬರಿಯ ಕಬ್ಬಿಣದ ತಂತಿಯಲ್ಲಿ ತೂಗುಹಾಕಿ, ಗನ್ನಿನ ಅರ್ಥ್ ಕ್ಲಿಪ್ಪನ್ನು ಆ ತಂತಿಗೇ ಸಿಕ್ಕಿಸಿ. ಗಾಳಿಯ ಒತ್ತಡ ಕಡಿಮೆ ಇರಲಿ. ಪೌಡರ್ ಮೋಡದಂತೆ ಮೆಲ್ಲನೆ ಬಂದು ಅಂಟಬೇಕು. ಒಳಮೂಲೆಗಳಿಗೆ ಅದು ಸುಲಭವಾಗಿ ಹೋಗದು, ಆದ್ದರಿಂದ ಮೊದಲು ಮೂಲೆ, ಆಮೇಲೆ ಬಯಲು ಭಾಗ. ಗಾಳಿಯಲ್ಲಿ ದಟ್ಟವಾಗಿ ತೇಲುವ ಪೌಡರ್ ಕಿಡಿ ತಾಗಿದರೆ ಸ್ಫೋಟಿಸಬಲ್ಲದು. ಹತ್ತಿರದಲ್ಲಿ ಗ್ಯಾಸ್ ಒಲೆ, ದೀಪ, ಉರಿಯುತ್ತಿರುವ ಬೀಡಿ ಯಾವುದೂ ಬೇಡ, ಓಟಿಜಿಯೂ ದೂರವಿರಲಿ. ಮೂಗಿಗೆ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಬೇಕೇ ಬೇಕು.

ಪೌಡರ್ ಉದುರದಂತೆ ಟ್ರೇಯನ್ನು ತಂತಿ ಹಿಡಿದೇ ಓವನ್ನಿಗೆ ಇಡಿ. ಹೊಗೆ ಹೊರಗೆ ಹೋಗುವಂತೆ ಕಿಟಕಿ, ಬಾಗಿಲು ತೆರೆದಿಡಿ. ಹೊಸಬರು ತಪ್ಪುವುದು ಬೇಯಿಸುವ ಸಮಯದ ಲೆಕ್ಕದಲ್ಲೇ. ಸಾಮಾನ್ಯ ಪಾಲಿಯೆಸ್ಟರ್ ಪೌಡರ್‌ಗೆ 200 ಡಿಗ್ರಿಯಲ್ಲಿ ಸುಮಾರು 10 ನಿಮಿಷ ಸಾಕು. ಆದರೆ ಆ 10 ನಿಮಿಷ ಎಣಿಸಬೇಕಾದದ್ದು ಲೋಹವೇ ಅಷ್ಟು ಬಿಸಿಯಾದ ಮೇಲೆ, ಸ್ವಿಚ್ ಒತ್ತಿದ ಗಳಿಗೆಯಿಂದಲ್ಲ. ಥರ್ಮಾಮೀಟರನ್ನು ಹೊಳೆಯುವ ಬರಿಯ ಲೋಹಕ್ಕೆ ಹಿಡಿದರೆ ತಪ್ಪು ಅಂಕಿ ಬರುತ್ತದೆ, ಪೌಡರ್ ಕರಗಿ ಹಬ್ಬಿದ ಮೈಗೇ ಹಿಡಿಯಿರಿ. ಡಬ್ಬಿಯ ಮೇಲೆ ಬೇರೆ ಅಂಕಿ ಬರೆದಿದ್ದರೆ ಅದನ್ನೇ ಪಾಲಿಸಿ.

ತಣ್ಣಗಾದ ಮೇಲೆ ಮರೆಯಾಗುವ ಒಂದು ಕಡೆ ಅಸಿಟೋನ್ ಬಟ್ಟೆಯಿಂದ ಉಜ್ಜಿ ನೋಡಿ. ಹೊಳಪು ತುಸು ಮಂಕಾದರೆ ಚಿಂತೆಯಿಲ್ಲ. ಬಣ್ಣವೇ ಬಟ್ಟೆಗೆ ಧಾರಾಳವಾಗಿ ಹತ್ತಿದರೆ ಅದು ಬೆಂದಿಲ್ಲ, ಮತ್ತೆ ಓವನ್ನಿಗೆ ಇಡಿ.