ರ‍್ಯಾಮ್ ಕೊಳ್ಳುವ ಮುನ್ನ: ನಮ್ಮ ಹಳೆಯ ಕಂಪ್ಯೂಟರಿಗೆ ಯಾವುದು ಹೊಂದುತ್ತದೆ?



ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯ ನಮ್ಮ ಹಲವು ಒಕ್ಕೂಟಗಳಲ್ಲಿ ಈಗ ಒಂದು ಕಂಪ್ಯೂಟರ್ ಇದೆ. ಹೆಚ್ಚಿನವು ಹಳೆಯವು. ದಾನಿಗಳು ಕೊಟ್ಟದ್ದು, ಇಲ್ಲವೇ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಉಳಿತಾಯ, ಸಾಲ, ಬಡ್ಡಿ ಎಲ್ಲ ಅದರಲ್ಲೇ ಬರೆಯುತ್ತೇವೆ. ದಿನ ಕಳೆದಂತೆ ಅದು ನಿಧಾನವಾಗುತ್ತದೆ. ಆಗ ಯಾರಾದರೂ "ರ‍್ಯಾಮ್ ಜಾಸ್ತಿ ಹಾಕಿಸ್ರಿ, ಜೋರಾಗಿ ಓಡ್ತದೆ" ಎನ್ನುತ್ತಾರೆ. ಮಾತು ಸರಿಯೇ. ಆದರೆ ಯಾವ ರ‍್ಯಾಮ್ ಎಂದು ತಿಳಿಯದೆ ಕೊಂಡರೆ ಏನಾಗುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ನಡೆದ ಸಂಗತಿ

ನಮ್ಮ ಒಂದು ಒಕ್ಕೂಟದ ಕಂಪ್ಯೂಟರಿನಲ್ಲಿ 2 ಜಿಬಿ ರ‍್ಯಾಮ್ ಇತ್ತು. ಸಾಲದ ಲೆಕ್ಕ ತೆರೆಯಬೇಕಾದರೆ ಒಂದು ಲೋಟ ಚಹಾ ಕುಡಿದು ಬರಬಹುದಿತ್ತು. ಸಭೆಯಲ್ಲಿ ನಿರ್ಣಯ ಮಾಡಿ, ಲೆಕ್ಕ ಬರೆಯುವ ಹುಡುಗಿಯ ಕೈಗೆ ದುಡ್ಡು ಕೊಟ್ಟೆವು. ಅವಳು 4 ಜಿಬಿಯ ಒಂದು ರ‍್ಯಾಮ್ ಪಟ್ಟಿ ತಂದಳು. ಹಳೆಯದನ್ನು ತೆಗೆದು ಹೊಸದನ್ನು ಕೂಡಿಸಿದಳು. ಅದು ಸರಿಯಾಗಿಯೇ ಕುಳಿತಿತು. ಸ್ವಿಚ್ ಹಾಕಿದರೆ ಪರದೆ ಕಪ್ಪು. ಒಳಗಿನಿಂದ ಬೀಪ್ ಬೀಪ್ ಎಂಬ ಸದ್ದು ಮಾತ್ರ.

"ನಮ್ಮ ಸಾಲದ ಲೆಕ್ಕ ಎಲ್ಲಾ ಹೋಯ್ತೇನ್ರೀ?" ಎಂದು ಒಬ್ಬರು. "ತಿಳೀಲಾರದೆ ಮುಟ್ಟಿ ಕೆಡಿಸಿಬಿಟ್ಲು" ಎಂದು ಇನ್ನೊಬ್ಬರು. "ಕಡಿಮೆ ದುಡ್ಡಿಂದು ತಂದಿರಬೇಕು" ಎಂದು ಮತ್ತೊಬ್ಬರು ಮೆಲ್ಲಗೆ ಅಂದರು. ಆ ಮಾತು ಕೇಳಿದ ಹುಡುಗಿ ಮುಂದಿನ ಎರಡು ಸಭೆಗೆ ಬರಲೇ ಇಲ್ಲ.

ನಾವು ಹೋಗಿ ಹೊಸ ಪಟ್ಟಿ ತೆಗೆದು ಹಳೆಯದನ್ನೇ ಹಾಕಿದೆವು. ಕಂಪ್ಯೂಟರ್ ಎದ್ದಿತು. ಲೆಕ್ಕ ಎಲ್ಲ ಇದ್ದ ಹಾಗೇ ಇತ್ತು. ಹಾಗಾದರೆ ತಪ್ಪು ಎಲ್ಲಿ?

ರ‍್ಯಾಮ್ ಎಂದರೇನು?

ಮೂಲೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಇರುತ್ತದೆ. ರೊಟ್ಟಿ ಬಡಿಯಲು ಮುಂದೆ ಹಲಗೆ ಇರುತ್ತದೆ. ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಎಂದರೆ ಡಬ್ಬಿ, ರ‍್ಯಾಮ್ ಎಂದರೆ ಹಲಗೆ. ಹಲಗೆ ಸಣ್ಣದಾದರೆ ಕೆಲಸ ನಿಧಾನ. ಹಲಗೆ ಬದಲಾಯಿಸಿದರೆ ಡಬ್ಬಿಯ ಹಿಟ್ಟು ಎಲ್ಲಿಯೂ ಹೋಗುವುದಿಲ್ಲ. ನಮ್ಮ ಲೆಕ್ಕ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಆದ್ದರಿಂದ ರ‍್ಯಾಮ್ ತೆಗೆದರೆ ಲೆಕ್ಕ ಹೋಯಿತೆಂದು ಹೆದರಬೇಕಾಗಿಲ್ಲ. ಆದರೂ ಕೈ ಹಾಕುವ ಮುನ್ನ ಲೆಕ್ಕವನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳುವುದು ಒಳ್ಳೆಯದು.

ಹೊಂದಬೇಕಾದ ನಾಲ್ಕು ವಿಷಯ

1. ತಲೆಮಾರು: ರ‍್ಯಾಮಿನಲ್ಲಿ ಡಿಡಿಆರ್2, ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂದು ತಲೆಮಾರುಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ. ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್; ನೋಡಲು ಅಕ್ಕತಂಗಿಯರ ಹಾಗೆ. ಆದರೆ ಕೆಳಗಿನ ಗೀರು, ಅಂದ್ರೆ ಕತ್ತರಿಸಿದ ಸಣ್ಣ ಸಂದು, ಬೇರೆ ಬೇರೆ ಜಾಗದಲ್ಲಿರುತ್ತದೆ. ಡಿಡಿಆರ್4ಕ್ಕೆ 288 ಪಿನ್. ಬೇಕಾದ ವಿದ್ಯುತ್ತೂ ಬೇರೆ: ಡಿಡಿಆರ್2ಕ್ಕೆ 1.8 ವೋಲ್ಟ್, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2. ಗೀರು ಹೊಂದದಿದ್ದರೆ ಒತ್ತಬೇಡಿ. ಒತ್ತಿದರೆ ಮದರ್‌ಬೋರ್ಡೇ ಹಾಳಾಗುತ್ತದೆ.

2. ಆಕಾರ: ಲ್ಯಾಪ್‌ಟಾಪಿನ ಪಟ್ಟಿ ಗಿಡ್ಡ, ಡೆಸ್ಕ್‌ಟಾಪಿನದು ಉದ್ದ. ದೊಡ್ಡ ಸರ್ವರ್ ಯಂತ್ರಗಳಿಂದ ತೆಗೆದ ರ‍್ಯಾಮ್ ಕೂಡ ಮಾರಾಟಕ್ಕೆ ಬರುತ್ತದೆ. ಉದ್ದ ಅಷ್ಟೇ ಇದ್ದರೂ ನಮ್ಮ ಯಂತ್ರದಲ್ಲಿ ಅದು ನಡೆಯುವುದಿಲ್ಲ.

3. ಮಿತಿ: ಮದರ್‌ಬೋರ್ಡ್ ಎಷ್ಟು ಜಿಬಿವರೆಗೆ ತೆಗೆದುಕೊಳ್ಳುತ್ತದೆ ಎಂಬುದಕ್ಕೆ ಒಂದು ಗೆರೆ ಇದೆ. ಜೊತೆಗೆ ವಿಂಡೋಸ್ 32 ಬಿಟ್ ಆಗಿದ್ದರೆ 4 ಜಿಬಿ ಹಾಕಿದರೂ ಬಳಕೆಗೆ ಸಿಗುವುದು 3 ಜಿಬಿ ಚಿಲ್ಲರೆ ಮಾತ್ರ. ಅದಕ್ಕಿಂತ ಹೆಚ್ಚು ಹಾಕಿದ ದುಡ್ಡು ದಂಡ.

4. ಚಿಪ್ಪಿನ ಲೆಕ್ಕ: ನಮ್ಮ ಹುಡುಗಿ ಸಿಕ್ಕಿಬಿದ್ದದ್ದು ಇಲ್ಲೇ. ಅವಳು ತಂದದ್ದು ಡಿಡಿಆರ್3, ಗೀರೂ ಸರಿ, ಉದ್ದವೂ ಸರಿ. ಅಂಗಡಿಯವರೂ ಕೇಳಿದ್ದನ್ನೇ ಕೊಟ್ಟಿದ್ದರು. ಆದರೆ ನಮ್ಮ ಮದರ್‌ಬೋರ್ಡ್ ಇಂಟೆಲ್ ಜಿ41 ಚಿಪ್‌ಸೆಟ್ಟಿನದು, 2008ರಲ್ಲಿ ಬಂದ ಮಾದರಿ. ಅದಕ್ಕೆ ಒಂದು ಕಪ್ಪು ಚಿಪ್ಪಿನಲ್ಲಿ 256 ಎಂಬಿವರೆಗೆ ಮಾತ್ರ ಓದಲು ಬರುತ್ತದೆ. ಲೆಕ್ಕ ಹಾಕಿ ನೋಡಿ:

8 ಚಿಪ್ × 256 ಎಂಬಿ = 2 ಜಿಬಿ (ನಡೆಯುತ್ತದೆ)
16 ಚಿಪ್ × 256 ಎಂಬಿ = 4 ಜಿಬಿ (ನಡೆಯುತ್ತದೆ)
8 ಚಿಪ್ × 512 ಎಂಬಿ = 4 ಜಿಬಿ (ನಡೆಯುವುದಿಲ್ಲ)

ಹೊಸ ಪಟ್ಟಿಯ ಎರಡೂ ಬದಿ ತಿರುಗಿಸಿ ಎಣಿಸಿದೆವು. ಒಟ್ಟು 8 ಚಿಪ್. ಅಲ್ಲಿಗೆ ಗುಟ್ಟು ತಿಳಿಯಿತು. ಇಪ್ಪತ್ತೈದು ಕೆ.ಜಿ. ಚೀಲಕ್ಕೆಂದು ಮಾಡಿದ ಕಪಾಟಿನಲ್ಲಿ ಐವತ್ತು ಕೆ.ಜಿ. ಚೀಲ ಇಡಲು ಹೋದ ಹಾಗೆ ಆಗಿತ್ತು. ಚೀಲವೂ ಒಳ್ಳೆಯದೇ, ಕಪಾಟೂ ಒಳ್ಳೆಯದೇ. ಒಂದಕ್ಕೊಂದು ಹೊಂದಲಿಲ್ಲ, ಅಷ್ಟೇ.

ಪುಣ್ಯಕ್ಕೆ ಹುಡುಗಿ ಬಿಲ್ಲು ಇಟ್ಟಿದ್ದಳು. ಅಂಗಡಿಯವರು ಬದಲಾಯಿಸಿ 2 ಜಿಬಿಯ ಪಟ್ಟಿ ಕೊಟ್ಟು ಉಳಿದ ದುಡ್ಡು ಹಿಂದಿರುಗಿಸಿದರು. ಹಳೆಯ 2, ಹೊಸ 2, ಸೇರಿ 4 ಜಿಬಿ. ಈಗ ಲೆಕ್ಕ ಬೇಗ ತೆರೆಯುತ್ತದೆ.

ಬೀಪ್ ಸದ್ದು ಬಂದರೆ ಏನು ಮಾಡಬೇಕು?

- ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತುಬಿಡಿ. ಆನ್ ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ. ಒಳಗೆ ಉಳಿದ ಕರೆಂಟು ಹೋಗುತ್ತದೆ.
- ಡಬ್ಬಿಯ ಕಬ್ಬಿಣದ ಭಾಗ ಮುಟ್ಟಿ, ನಂತರ ರ‍್ಯಾಮ್ ಹಿಡಿಯಿರಿ. ಅಂಚಿನಲ್ಲಿ ಮಾತ್ರ ಹಿಡಿಯಬೇಕು.
- ಧೂಳು ನೋಡಿ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಎಲ್ಲ ಸಂದಿಗೂ ಹೋಗುತ್ತದೆ. ಒಣ ಬ್ರಷ್ಷಿನಿಂದ ಸ್ಲಾಟ್ ಒರೆಸಿ. ಪಟ್ಟಿಯ ಹೊಂಬಣ್ಣದ ಪಿನ್ನುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ. ಒದ್ದೆ ಬಟ್ಟೆ ಬೇಡ.
- ಗೀರು ಹೊಂದಿಸಿ, ಪಕ್ಕದ ಕೊಕ್ಕೆ ಟಕ್ ಎನ್ನುವವರೆಗೆ ಒತ್ತಿ. ಅರ್ಧ ಕುಳಿತರೂ ಬೀಪ್ ಬರುತ್ತದೆ.
- ಒಂದೊಂದೇ ಪಟ್ಟಿ ಹಾಕಿ ನೋಡಿ. ಹಳೆಯದು ನಡೆದು ಅದೇ ಸ್ಲಾಟಿನಲ್ಲಿ ಹೊಸದು ನಡೆಯದಿದ್ದರೆ, ಹೊಸದು ಹೊಂದುತ್ತಿಲ್ಲ ಅಥವಾ ಕೆಟ್ಟಿದೆ. ಒಂದು ಸ್ಲಾಟಿನಲ್ಲಿ ಯಾವುದೂ ನಡೆಯದೆ ಇನ್ನೊಂದರಲ್ಲಿ ನಡೆದರೆ ದೋಷ ಸ್ಲಾಟಿನದು.

ಅಂಗಡಿಗೆ ಹೋಗುವ ಮುನ್ನ

ಹಳೆಯ ಪಟ್ಟಿಯನ್ನೇ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಮದರ್‌ಬೋರ್ಡಿನ ಮೇಲೆ ಅಚ್ಚಾದ ಮಾದರಿ ಹೆಸರು, ಎಷ್ಟು ಸ್ಲಾಟ್ ಇವೆ, ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ಎಂಬುದನ್ನು ಬರೆದುಕೊಳ್ಳಿ. "ಎಎಂಡಿಗೆ ಮಾತ್ರ" ಎಂದು ಮಾರುವ ಅಗ್ಗದ ಪಟ್ಟಿ ಇಂಟೆಲ್ ಯಂತ್ರಕ್ಕೆ ಬೇಡ. "ನಡೀಲಿಲ್ಲ ಅಂದ್ರೆ ಬದಲಾಯಿಸಿ ಕೊಡ್ತೀರೇನ್ರೀ?" ಎಂದು ಕೇಳಿ, ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ಮಾತು. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಮುಗಿದಿದೆ. ರ‍್ಯಾಮ್ ಹೆಚ್ಚಿಸಿದರೆ ವೇಗ ಬರುತ್ತದೆ, ಭದ್ರತೆ ಬರುವುದಿಲ್ಲ. ಅಂಥ ಯಂತ್ರವನ್ನು ಲೆಕ್ಕ ಬರೆಯಲು ಇಟ್ಟುಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಬ್ಯಾಂಕಿನ ವ್ಯವಹಾರ ಅದರಲ್ಲಿ ಬೇಡ. ಖರ್ಚು ಹೆಚ್ಚೆನಿಸಿದರೆ ಆ ದುಡ್ಡನ್ನು ಬೇರೆ ಯಂತ್ರಕ್ಕೆ ಕೂಡಿಡುವುದೇ ಜಾಣತನ.

ಕೊನೆಯದಾಗಿ

ಮುಂದಿನ ಸಭೆಗೆ ನಾವು ಆ ಎರಡು ಪಟ್ಟಿಗಳನ್ನೂ ತೋರಿಸಲು ತಂದೆವು. ಎಲ್ಲರೂ ಕೈಯಲ್ಲಿ ಹಿಡಿದು ಚಿಪ್ ಎಣಿಸಿದರು. ಮೆಲ್ಲಗೆ ಮಾತಾಡಿದ್ದ ಅಕ್ಕನೇ ಎದ್ದು, "ತಪ್ಪು ತಿಳ್ಕೊಂಡಿದ್ವಿ ತಂಗಿ, ಮನಸ್ಸಿಗೆ ಹಚ್ಕೋಬ್ಯಾಡ" ಎಂದರು. ಹುಡುಗಿ ಈಗಲೂ ನಮ್ಮ ಲೆಕ್ಕ ಬರೆಯುತ್ತಿದ್ದಾಳೆ. ಯಂತ್ರ ನಿಂತಾಗ ಮೊದಲು ಪಟ್ಟಿ ಬಿಚ್ಚಿ ನೋಡೋಣ, ಆಮೇಲೆ ಮನುಷ್ಯರ ಬಗ್ಗೆ ಮಾತಾಡೋಣ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಕಂಪ್ಯೂಟರಿನ ರ‍್ಯಾಮ್ ಯಾವ ತಲೆಮಾರಿನದು? ಎಷ್ಟು ಚಿಪ್ ಇವೆ?
2. ಲೆಕ್ಕದ ನಕಲನ್ನು ಪೆನ್ ಡ್ರೈವಿಗೆ ಕೊನೆಯ ಸಲ ತೆಗೆದದ್ದು ಯಾವಾಗ? ಅದು ಯಾರ ಬಳಿ ಇದೆ?
3. ಸಾಮಾನು ಕೊಳ್ಳಲು ಒಬ್ಬಳನ್ನೇ ಕಳಿಸುತ್ತೇವೆಯೋ, ಇಬ್ಬರನ್ನು ಕಳಿಸುತ್ತೇವೆಯೋ? ಬಿಲ್ಲನ್ನು ಎಲ್ಲಿ ಇಡುತ್ತೇವೆ?