ಅಮ್ಮನ ಜೊತೆಗೆ ಯಾರಿರಬೇಕು?

ಪ್ರಶ್ನೆ: 78 ವರ್ಷದ ಅಮ್ಮ ಹಾಸನದ ಮನೆಯಲ್ಲಿ ಒಬ್ಬರೇ ಇದ್ದಾರೆ. ಮೂರು ತಿಂಗಳಲ್ಲಿ ಎರಡು ಸಲ ಬಚ್ಚಲಲ್ಲಿ ಜಾರಿ ಬಿದ್ದರು. ಹಾಲು ಒಲೆಗಿಟ್ಟು ಮರೆಯುತ್ತಾರೆ. ನಾನಿರುವ ಬೆಂಗಳೂರಿಗೆ ಬರಲು ಒಪ್ಪುವುದಿಲ್ಲ. ಹೋಮ್ ನರ್ಸ್ ಬೇಕೇ?

ಉತ್ತರ: ಯಾರಾದರೂ ಜೊತೆಗಿರಬೇಕಾದ ಹಂತ ಬಂದಿದೆ. ಎಷ್ಟು ಹೊತ್ತು ಎಂಬುದು ನೀವು ನಾಲ್ಕು ದಿನ ಅಲ್ಲಿದ್ದು ನೋಡಿದರೆ ತಿಳಿಯುತ್ತದೆ. ಫೋನಿನಲ್ಲಿ ಅಮ್ಮಂದಿರು ‘ಚೆನ್ನಾಗಿದ್ದೀನಿ’ ಎಂದೇ ಹೇಳುವುದು. ಸ್ನಾನ, ಶೌಚ, ಬಟ್ಟೆ ಬದಲಿಸುವುದು, ಊಟ, ಹಾಸಿಗೆಯಿಂದ ಏಳುವುದು ಇವುಗಳಲ್ಲಿ ಯಾವುದಕ್ಕೆ ಗೋಡೆ ಹಿಡಿಯುತ್ತಾರೆ, ಯಾವುದನ್ನು ತಪ್ಪಿಸುತ್ತಾರೆ ಗಮನಿಸಿ. ಉಳಿದ ಮಾತ್ರೆಗಳನ್ನು ಎಣಿಸಿ. ಹಳಸಿದ ಸಾರು, ಸಡಿಲವಾದ ರವಿಕೆ, ಕಟ್ಟದ ಕರೆಂಟ್ ಬಿಲ್ಲು ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ.

ಒಂದೆರಡು ಕೆಲಸಕ್ಕಷ್ಟೇ ನೆರವು ಬೇಕಿದ್ದರೆ ಬೆಳಗ್ಗೆ, ಸಂಜೆ ಬಂದುಹೋಗುವವರು ಸಾಕು. ಗ್ಯಾಸ್ ಆರಿಸದಿರುವುದು ಮರುಕಳಿಸಿದರೆ, ರಾತ್ರಿ ಎದ್ದು ಅಲೆದರೆ, ದಾರಿ ತಪ್ಪಿದರೆ ಹಗಲು ರಾತ್ರಿ ಒಬ್ಬರಿರಲಿ. ಗಾಯ, ನಳಿಕೆ, ಇಂಜೆಕ್ಷನ್ ಇಲ್ಲದಿದ್ದರೆ ನರ್ಸ್ ಬೇಕಿಲ್ಲ, ಆರೈಕೆಯ ಅನುಭವವಿರುವ ಹೆಂಗಸು ಸಾಕು. ‘ಅಡುಗೆಗೆ ಕೈಜೋಡಿಸಲಿ’ ಎಂದು ಶುರುಮಾಡಿ. ಅಮ್ಮ ಒಪ್ಪುವ ಸಾಧ್ಯತೆ ಹೆಚ್ಚು.

ಅದಕ್ಕೂ ಮೊದಲು ವೈದ್ಯರಿಗೆ ತೋರಿಸಿ, ಎಲ್ಲ ಮಾತ್ರೆಗಳನ್ನೂ ಕೊಂಡೊಯ್ಯಿರಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಸೋಡಿಯಂ ಇಳಿಕೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಬೀಳಲು ಬಿಪಿ ಅಥವಾ ನಿದ್ರೆ ಮಾತ್ರೆ ಕಾರಣವಿರಬಹುದು. ತಲೆಗೆ ಪೆಟ್ಟಾದ ನಂತರ ತಲೆನೋವು, ಮಂಪರು ಕಂಡರೆ, ಹಠಾತ್ತನೆ ಗೊಂದಲವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬಚ್ಚಲಿಗೆ ಹಿಡಿಕೆ, ಜಾರದ ಮ್ಯಾಟ್ ಈ ವಾರವೇ ಹಾಕಿಸಿ. ಹಿರಿಯರ ಉಚಿತ ಸಹಾಯವಾಣಿ 14567ರಲ್ಲೂ ಮಾಹಿತಿ ಕೇಳಬಹುದು.